ಹಳದಿ ಬೆಲ್ಲ, ಎರಡನೇ ಕಣ್ಣೀರು

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಳೇ ಮನೆಗಳಲ್ಲಿ ದೇವರ ಪಟಗಳ ಸಾಲಿನಲ್ಲೇ ನಾಲ್ವಡಿ ಕೃಷ್ಣರಾಜ ಒಡೆಯರೂ ವಿಶ್ವೇಶ್ವರಯ್ಯನವರೂ ಕೂತಿರುವುದುಂಟು. ದೊರೆಯ ಕೆನ್ನೆಗೆ ಗುಲಾಬಿ ರಂಗು, ಸರ್ ಎಂ.ವಿ. ಪೇಟಕ್ಕೆ ಜರಿಯ ಮಿಂಚು, ಹಿಂದುಗಡೆ ಕನ್ನಂಬಾಡಿ ಕಟ್ಟೆಯಿಂದ ಹಾಲ್ನೊರೆಯಾಗಿ ಧುಮುಕುವ ಕಾವೇರಿ. ಓದಿಕೊಂಡ ಕಲಾವಿಮರ್ಶಕರು ಇಂಥದ್ದನ್ನು ಕಂಡರೆ ‘ಕಿಚ್’ ಎಂದು ಮೂಗು ಮುರಿಯುತ್ತಾರೆ.

ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಮ್ಯೂನಿಕ್‌ನ ಚಿತ್ರವ್ಯಾಪಾರಿಗಳು ಬಿಸಿಬಿಸಿಯಾಗಿ ಖರ್ಚಾಗುತ್ತಿದ್ದ ಅಗ್ಗದ ಚಿತ್ರಗಳನ್ನು ಹಾಗೆ ಕರೆಯುತ್ತಿದ್ದರು. 1939ರಲ್ಲಿ ಅಮೆರಿಕದ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ ಅದಕ್ಕೊಂದು ಸಿದ್ಧಾಂತ ಕಟ್ಟಿದ. ಒಳ್ಳೆಯ ಕಲೆ ನೋಡುಗನನ್ನೂ ದುಡಿಸುತ್ತದೆ. ಕಿಚ್ ಆ ದುಡಿಮೆ ತಪ್ಪಿಸಿ, ಭಾವನೆಯನ್ನು ಸಿದ್ಧಮಾಡಿಯೇ ಕೈಗಿಡುತ್ತದೆ ಎಂಬುದು ಅವನ ವಾದ.

ಆಲೆಮನೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆರಕೆಯಿಲ್ಲದ ಬೆಲ್ಲದ ಬಣ್ಣ ಕಂದು. ಪೇಟೆಯ ಗಿರಾಕಿಗೆ ಹೊಳೆಯುವ ಹಳದಿಯೇ ಬೇಕು, ಅದಕ್ಕೆಂದು ಕೊಪ್ಪರಿಗೆಗೆ ಹೈಡ್ರೋಸ್ ಎಂಬ ರಾಸಾಯನಿಕ ಬೀಳುತ್ತದೆ. ಬೆಲ್ಲವೆಂದರೆ ಹೀಗಿರಬೇಕು ಅಂತ ಕೊಳ್ಳುವವನು ಅಂದುಕೊಂಡಿರುವುದನ್ನೇ ಅಚ್ಚು ಹೊಯ್ದು ಅವನಿಗೆ ಮಾರುವುದು. ಕಿಚ್ ಮಾಡುವುದೂ ಅದೇ ವ್ಯಾಪಾರ.

ಆದರೆ ಇಷ್ಟಕ್ಕೇ ನಿಂತರೆ ಅದು ಬರೀ ಅಭಿರುಚಿಯ ಜಗಳ. ಝೆಕ್ ಕಾದಂಬರಿಕಾರ ಮಿಲನ್ ಕುಂದೇರ 1984ರ ತನ್ನ ಕಾದಂಬರಿಯಲ್ಲಿ ಇನ್ನಷ್ಟು ಆಳಕ್ಕೆ ಕೈಹಾಕಿದ. ಹುಲ್ಲಿನ ಮೇಲೆ ಓಡುವ ಮಕ್ಕಳನ್ನು ಕಂಡು ಬರುವ ಮೊದಲ ಕಣ್ಣೀರು ಸಹಜವಾದದ್ದು. ಲೋಕದವರೆಲ್ಲರ ಜೊತೆ ನಾನೂ ಕರಗಿದೆನಲ್ಲ ಎಂದು ತನ್ನನ್ನೇ ಮೆಚ್ಚಿಕೊಂಡು ಬರುವ ಎರಡನೆಯದು ಕಿಚ್. ತನಗೆ ಒಗ್ಗದ್ದನ್ನೆಲ್ಲ ಅದು ಕಣ್ಣಿನಿಂದ ಆಚೆಗೆ ತಳ್ಳುತ್ತದೆ ಎಂದೂ ಅವನು ಹೇಳುತ್ತಾನೆ.

ಈ ಮಾತು ಹಿಡಿದು ಗೋಡೆಯ ಪಟವನ್ನು ಮತ್ತೆ ನೋಡಿ. 1911ರಲ್ಲಿ ಶುರುವಾದ ಆ ಕಟ್ಟೆಯ ನೀರಿನಲ್ಲಿ ಕನ್ನಂಬಾಡಿ ಊರೇ ಮುಳುಗಿತು, ಅಲ್ಲಿನ ವೇಣುಗೋಪಾಲಸ್ವಾಮಿ ದೇವಸ್ಥಾನವೂ ಮುಳುಗಿತು. ಪಟದಲ್ಲಿ ಆ ಊರಿಲ್ಲ. ಕಲ್ಲು ಹೊತ್ತ ಕೂಲಿಯವರೂ ಇಲ್ಲ. ಸಂಜೆ ಕಟ್ಟೆಯ ಕೆಳಗಿನ ಬೃಂದಾವನದ ಕಾರಂಜಿ ಹಾಡಿಗೆ ತಕ್ಕಂತೆ ಬಣ್ಣಬಣ್ಣವಾಗಿ ಕುಣಿಯುವಾಗಲೂ ಅವರ ನೆನಪು ಯಾರಿಗೆ ಬಂದೀತು?

ಹಾಗಂತ ಪಟ ತೂಗುಹಾಕಿದವರ ಭಾವನೆಯೇ ಸುಳ್ಳು ಎನ್ನಲು ನನಗೆ ಬಾಯಿ ಬಾರದು. ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ಒಣಭೂಮಿಯಲ್ಲಿ ಭತ್ತ, ಕಬ್ಬು ಕಂಡ ಸೀಮೆ ಇದು; ರಾಗಿಗೂ ಮುಗಿಲು ನೋಡುತ್ತಿದ್ದವರ ಮಕ್ಕಳು ಹಚ್ಚುವ ಊದಿನಕಡ್ಡಿ ಅದು. ಆ ಗುಲಾಬಿ ಕೆನ್ನೆಯ ಹಿಂದಿನ ಋಣ ಯಾವ ಅಚ್ಚುಕೂಟದಿಂದಲೂ ಬಂದದ್ದಲ್ಲ. ಜನಸಾಮಾನ್ಯರ ಅಭಿರುಚಿಯನ್ನು ಮೇಲಿನಿಂದ ಅಳೆದ ಗ್ರೀನ್‌ಬರ್ಗ್‌ಗೆ ಇದು ಕಾಣಲಿಲ್ಲ. ಪಟದ ಅದೇ ಇಬ್ಬರನ್ನು ಫ್ಲೆಕ್ಸಿನ ಮೂಲೆಯಲ್ಲಿ ಬೆರಳಗಲ ಕೂರಿಸಿ, ನಡುವೆ ಕೈಮುಗಿದ ಮರಿಪುಢಾರಿಯನ್ನು ಆಳೆತ್ತರಕ್ಕೆ ನಿಲ್ಲಿಸಿದಾಗ ಮಾತ್ರ ಕುಂದೇರ ಹೇಳಿದ ಎರಡನೇ ಕಣ್ಣೀರು ಹರಿಯತೊಡಗುತ್ತದೆ. ಬಣ್ಣ, ಜರಿ, ಹಾಲ್ನೊರೆ ಎರಡರಲ್ಲೂ ಒಂದೇ. ಕಣ್ಣಳತೆಯಿಂದ ಕಿಚ್ ಯಾವುದೆಂದು ತೀರ್ಪು ಕೊಡುವವರು ಎಡವುವುದು ಇಲ್ಲೇ.