ಬೆಲೆಯಿಲ್ಲದ ಹಣ್ಣಿನ ಋಣ

ಸಂತೆಯಲ್ಲಿ ಬೆಲೆಯಿಲ್ಲದ ಹಣ್ಣನ್ನು ಕಾಯುವುದು ನಮ್ಮ ಧರ್ಮವೇ? ಕಾಸರಗೋಡಿನ ಗುಡ್ಡಗಳಲ್ಲಿ ಪುನರ್ಪುಳಿ, ಉಪ್ಪಾಗೆ, ಕುಂಟುನೇರಳೆ, ಕೇಪಳ, ಕಾಡುಮಾವುಗಳು ಯಾರೂ ನೆಡದೆಯೇ ಬೆಳೆದುವು. ಹಕ್ಕಿಗಳಿಗೂ ಮಕ್ಕಳಿಗೂ ಸಮನಾಗಿ ಉಣಿಸಿದುವು. ರಬ್ಬರು ಗುಡ್ಡವೇರಿದಂತೆಲ್ಲ ಇವುಗಳ ನೆಲ ಕಿರಿದಾಗುತ್ತಿದೆ.

ಇಂಥ ಗಿಡಗಳಿಗೆ ಆಶ್ರಯವೀಯುವ ತಾಣಗಳು ಇಲ್ಲದಿಲ್ಲ. ತಿರುವನಂತಪುರ ಜಿಲ್ಲೆಯ ಪಾಲೋಡಿನಲ್ಲಿ 1979ರಲ್ಲಿ ಸ್ಥಾಪಿತವಾದ ಉಷ್ಣವಲಯ ಸಸ್ಯೋದ್ಯಾನವು ಪಶ್ಚಿಮಘಟ್ಟದ ಕಾಡುಹಣ್ಣಿನ ಗಿಡಗಳನ್ನೂ ನೆಟ್ಟು ಕಾಯುತ್ತಿದೆ. ಬೀಜಗಳನ್ನು ಡಬ್ಬಿಯಲ್ಲಿ ತುಂಬಿಟ್ಟರೆ ಸಾಲದೇ ಎಂದು ಕೇಳುವವರುಂಟು. ಭತ್ತ, ರಾಗಿಗಳ ಬೀಜವನ್ನು ಒಣಗಿಸಿ, ತಣ್ಪಿನಲ್ಲಿರಿಸಿ, ಬಹುಕಾಲ ಉಳಿಸಬಹುದು. ಆದರೆ ಮಾವು, ಹಲಸು, ನೇರಳೆ, ಪುನರ್ಪುಳಿಗಳ ಬೀಜವು ಚೆನ್ನಾಗಿ ಒಣಗಿದರೆ ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಇವನ್ನು ಮರವಾಗಿಯೇ ಉಳಿಸಬೇಕು. ಮರಕ್ಕೆ ನೆಲ ಬೇಕು, ನೀರು ಬೇಕು, ತಲೆಮಾರಿನಿಂದ ತಲೆಮಾರಿಗೆ ಕಾಯುವ ಮನುಷ್ಯರು ಬೇಕು.

ಪುನರ್ಪುಳಿಯಲ್ಲಿ ಸಾಮಾನ್ಯವಾಗಿ ಗಂಡುಮರ, ಹೆಣ್ಣುಮರಗಳು ಬೇರೆ ಬೇರೆ. ಹಣ್ಣು ಬಿಡದ ಗಂಡುಮರವನ್ನು ವ್ಯರ್ಥವೆಂದು ಕಡಿಯುವುದುಂಟು. ಆದರೆ ಅದರ ಪರಾಗವಿಲ್ಲದೆ ಮುಂದಿನ ಸಂತತಿಗೆ ಹೊಸ ಗುಣಗಳು ಕೂಡಿಬರುವುದೆಂತು? ಯಾವುದು ವ್ಯರ್ಥವೆಂದು ತೀರ್ಪು ಕೊಡುವಷ್ಟು ನಾವು ಬಲ್ಲೆವೇ? ಕಾಡುಮಾವಿನಲ್ಲಿಯೂ ಒಂದು ಮರದ ಹುಳಿ, ಸೊನೆ, ಪರಿಮಳ ಇನ್ನೊಂದರದಲ್ಲ. ಉದ್ಯಾನದಲ್ಲಿ ಒಂದೆರಡು ಮರಗಳಿದ್ದರೆ ಜಾತಿ ಉಳಿದೀತು. ಅದರ ಬಗೆಬಗೆಯ ಸಂಪತ್ತು ಉಳಿಯದು.

ಹಾಗೆಂದು, ಆದಾಯ ತಾರದ ಮರಕ್ಕಾಗಿ ನೆಲ ಬಿಡೆಂದು ಬಡ ರೈತನಿಗೆ ಉಪದೇಶಿಸುವುದು ನ್ಯಾಯವಲ್ಲ. ಅವನ ಹಸಿವನ್ನು ಮರೆತ ನೀತಿ ನೀತಿಯೇ ಅಲ್ಲ. ಎಲ್ಲರಿಗೂ ಸೇರಿದ ಸಂಪತ್ತನ್ನು ಕಾಯುವ ಭಾರವನ್ನು ಎಲ್ಲರೂ ಹೊರತಕ್ಕದ್ದು. ಸಾರ್ವಜನಿಕ ಸಸ್ಯೋದ್ಯಾನವು ಅಂಥ ಹೊಣೆಯ ಒಂದು ಪಾಲು. ಆದರೆ ಉದ್ಯಾನವಿದೆಯೆಂದು ಉಳಿದವರು ಕೈಕಟ್ಟಿ ಕುಳಿತರೆ ಅದು ಕರ್ತವ್ಯಲೋಪವೇ ಸರಿ. ಗ್ರಂಥಭಂಡಾರದಲ್ಲಿ ಪುಸ್ತಕಗಳಿದ್ದ ಮಾತ್ರಕ್ಕೆ ನುಡಿ ಬಾಳದೆಂಬುದನ್ನು ಗಡಿನಾಡಿನ ಕನ್ನಡಿಗರಾದ ನಮಗೆ ಬೇರೆಯವರು ಹೇಳಬೇಕಾಗಿಲ್ಲ. ತಿನ್ನುವವರಿಲ್ಲದ, ಹೆಸರು ಹಿಡಿದು ಕರೆಯುವವರಿಲ್ಲದ ಹಣ್ಣೂ ಹಾಗೆಯೇ.

ಆದುದರಿಂದ ನಮ್ಮ ಶಾಲೆಗಳು ಮಾಡಬಹುದಾದ ಕೆಲಸವೊಂದಿದೆ. ಹಣ್ಣು ತಿಂದ ಮಗು ಬೀಜವು ಹಸಿಯಿರುವಾಗಲೇ ಅದನ್ನು ಶಾಲೆಯ ಬೇಲಿಯ ಬದಿಯಲ್ಲಿ ಊರಲಿ. ಅದರ ಹೆಸರನ್ನೂ ಬಳಕೆಯನ್ನೂ ಮನೆಯ ಹಿರಿಯರಿಂದ ಕೇಳಿ ಬರೆದಿಡಲಿ. ಗಿಡವು ಹಣ್ಣು ಬಿಡುವಷ್ಟರಲ್ಲಿ ಆ ಮಗು ಶಾಲೆ ಬಿಟ್ಟು ಹೋಗಿರಬಹುದು. ನಮಗೆ ಉಣಿಸಿದ ಮರಗಳನ್ನೂ ನಾವು ನೆಟ್ಟಿರಲಿಲ್ಲವಷ್ಟೆ.