ಸುಗ್ಗಿಯೂ ಹಕ್ಕಲೂ

ಬೆಳೆಯು ಯಾರದು? ಈ ಪ್ರಶ್ನೆಯ ಉತ್ತರವು ಸುಲಭವೆಂದೇ ಮೊದಲು ತೋರುವದು. ಹೊಲವು ಯಾರದೋ ಬೆಳೆಯೂ ಅವರದು. ಉತ್ತು ಬಿತ್ತಿ, ಕಳೆ ತೆಗೆದು, ಹಕ್ಕಿ ಹೊಡೆದು ಕಾಯ್ದವನೇ ಅದನ್ನು ಕೊಯ್ದುಕೊಳ್ಳಲು ಅರ್ಹನು. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸುತ್ತಿನ ಒಕ್ಕಲುತನದ ಮಾತಿನಲ್ಲಿಯೇ ಈ ಉತ್ತರಕ್ಕೆ ಒಂದು ತಡೆಯುಂಟು. ಜೋಳದ ತೆನೆ ಮುರಿದ ಮೇಲೆ, ಶೇಂಗಾ ಕಿತ್ತ ಮೇಲೆ ಹೊಲದಲ್ಲಿ ಉಳಿದುದಕ್ಕೆ ಬೆಳೆಯೆಂಬ ಹೆಸರಿಲ್ಲ. ಅದಕ್ಕೆ ಹಕ್ಕಲು ಎಂಬ ಬೇರೊಂದು ಹೆಸರಿರುವದು. ಒಂದೇ ನೆಲದಲ್ಲಿ, ಒಂದೇ ಬೀಜದಿಂದ ಹುಟ್ಟಿದ ಕಾಳಿಗೆ ಎರಡು ಹೆಸರುಗಳು ಏಕೆ ಬಂದವು? ಕೊಯ್ಲಿನವರ ಕೈ ದಾಟಿದೊಡನೆ ಆ ಕಾಳಿನ ಒಡೆತನವೂ ಬದಲಾಯಿತೆಂಬ ಭಾವವು ಈ ಹೆಸರಿನಲ್ಲಿ ಅಡಗಿರುವದಲ್ಲವೇ?

ಬೈಬಲ್ಲನ್ನು ಕನ್ನಡಕ್ಕೆ ತಂದವರು ಇದೇ ಪದವನ್ನು ಆರಿಸಿಕೊಂಡರು. ರೂತಳ ಕಥೆಯನ್ನು ಕನ್ನಡದಲ್ಲಿ ಓದುವವರು ಅವಳು ಬೇತ್ಲೆಹೇಮಿನ ಹೊಲದಲ್ಲಿ ಹಕ್ಕಲಾಯ್ದಳೆಂದೇ ಓದುತ್ತಾರೆ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದು ನೆಲೆಸಿದರು. ಹಾವೇರಿ ಸೀಮೆಯು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಆ ಧಾರವಾಡ ಜಿಲ್ಲೆಯಲ್ಲಿಯೇ ಸೇರಿತ್ತು. ದೂರದ ಯೆಹೂದ್ಯರ ಧರ್ಮಗ್ರಂಥವು ಇಲ್ಲಿಯ ಒಕ್ಕಲಿಗನಿಗೆ ತೀರ ಪರಕೀಯವಾಗಿ ತೋರದಿರುವದಕ್ಕೆ, ಅದರ ಬಹುಭಾಗವು ಹೊಲ, ಕಣ, ಮೊರ, ಉಗ್ರಾಣಗಳ ಮಾತಿನಲ್ಲಿಯೇ ಇರುವದು ಒಂದು ಕಾರಣವೆನ್ನಬಹುದು.

ಇಸ್ರಾಯೇಲ್ಯರ ಪಂಚಾಂಗವು ಸುಗ್ಗಿಯ ಪಂಚಾಂಗವೇ ಆಗಿದ್ದಿತು. ಪಸ್ಕ ಹಬ್ಬದ ಕಾಲಕ್ಕೆ ಜವೆಗೋದಿಯ ಮೊದಲ ಸಿವುಡನ್ನು ದೇವರಿಗೆ ಸಮರ್ಪಿಸಬೇಕು. ಅಲ್ಲಿಯ ವರೆಗೆ ಹೊಸ ಬೆಳೆಯನ್ನು ಯಾರೂ ಬಾಯಿಗಿಡಬಾರದು. ಅಲ್ಲಿಂದ ಐವತ್ತನೆಯ ದಿನಕ್ಕೆ ಗೋದಿಯ ಸುಗ್ಗಿಯ ಹಬ್ಬ. ವರ್ಷದ ಬೆಳೆಯೆಲ್ಲ ಒಳಗೆ ಸೇರಿದ ಮೇಲೆ ಏಳು ದಿನಗಳ ಪರ್ಣಶಾಲೆಗಳ ಹಬ್ಬ. ಯಾಜಕಕಾಂಡದ 23ನೆಯ ಅಧ್ಯಾಯದಲ್ಲಿ ಈ ಹಬ್ಬಗಳನ್ನು ಎಣಿಸುತ್ತ ಬಂದ ಶಾಸ್ತ್ರಕಾರನು, ಗೋದಿಯ ಹಬ್ಬವನ್ನು ಹೇಳಿ ಮುಗಿಸಿದೊಡನೆ ನಡುವೆ ಒಂದು ವಿಧಿಯನ್ನು ಸೇರಿಸುವನು: ಪೈರನ್ನು ಹೊಲದ ಅಂಚಿನ ತನಕ ಕೊಯ್ಯಬೇಡ, ಬಿದ್ದ ತೆನೆಗಳನ್ನು ಆಯ್ದುಕೊಳ್ಳಬೇಡ, ಅವು ಬಡವರಿಗೂ ಪರದೇಶಿಗಳಿಗೂ ಸಲ್ಲಲಿ ಎಂಬದು ಅದರ ತಾತ್ಪರ್ಯ. ಪೂಜಾವಿಧಿಗಳ ನಡುವೆ ಹೊಲದ ಮಾತು ಅಕಸ್ಮಾತ್ತಾಗಿ ಬಂದುದಲ್ಲ. ಮೊದಲ ಸಿವುಡು ದೇವರದು, ಕೊನೆಯ ಅಂಚು ಬಡವರದು. ನಡುವಿನದು ಮಾತ್ರ ಒಡೆಯನದು. ಮೊದಲನೆಯದನ್ನು ಸಲ್ಲಿಸಿ ಕೊನೆಯದನ್ನು ಸಲ್ಲಿಸದವನ ಪೂಜೆಯು ಅರ್ಧವೇ ಸರಿ.

ಧರ್ಮೋಪದೇಶಕಾಂಡವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವದು. ಹೊಲದಲ್ಲಿ ಮರೆತುಬಂದ ಸಿವುಡನ್ನು ತರಲಿಕ್ಕೆ ತಿರುಗಿ ಹೋಗಬಾರದಂತೆ. ಅದು ಪರದೇಶಿಗೆ, ತಾಯಿತಂದೆಯಿಲ್ಲದವನಿಗೆ, ವಿಧವೆಗೆ ಸೇರಿದುದು. ಇದಕ್ಕೆ ಅಲ್ಲಿ ಹೇಳಿದ ಕಾರಣವು ಮನನೀಯವಾಗಿದೆ. ಬಡವರ ಮೇಲೆ ಕನಿಕರಪಡು ಎಂದಿಷ್ಟೇ ಅದು ಹೇಳುವದಿಲ್ಲ. ನೀನೂ ಐಗುಪ್ತದಲ್ಲಿ ದಾಸನಾಗಿದ್ದುದನ್ನು ನೆನೆ ಎಂದು ಹೇಳುವದು. ಮುಂದೆ ಬಂದ ಯೆಹೂದ್ಯ ಪಂಡಿತರು ಮಿಶ್ನಾ ಗ್ರಂಥದಲ್ಲಿ ಅಂಚಿನ ಪಾಲಿಗೆ ಮೇಲಿನ ಮಿತಿಯಿಲ್ಲವೆಂದು ಹೇಳಿ, ಅರುವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆಯಾಗಬಾರದೆಂದು ವಿಧಿಸಿದರು.

ಈ ವಿಧಿಯು ಬಾಳಿನಲ್ಲಿ ಹೇಗೆ ನಡೆಯಿತೆಂಬದಕ್ಕೆ ರೂತಳ ಕಥೆಯೇ ನಿದರ್ಶನ. ಅವಳು ಮೋವಾಬ್ ನಾಡಿನವಳು, ಗಂಡನನ್ನು ಕಳೆದುಕೊಂಡವಳು, ಮುದಿ ಅತ್ತೆಯನ್ನು ಸಾಕಬೇಕಾದವಳು. ಆದರೂ ಅವಳು ಬೋವಜನ ಮನೆಯ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲಲಿಲ್ಲ; ಹೊಲಕ್ಕೆ ಹೋಗಿ, ಬೆಳಗಿನಿಂದ ಬಗ್ಗಿ ದುಡಿದು, ಆಯ್ದ ತೆನೆಯನ್ನು ಸಂಜೆಗೆ ತಾನೇ ಬಡಿದು, ಕಾಳನ್ನು ಮನೆಗೆ ಒಯ್ದಳು. ಬೋವಜನೂ ಕಾಳನ್ನು ಅಳೆದು ಕೊಟ್ಟು ಅವಳನ್ನು ಕಳುಹಿಬಿಡಬಹುದಾಗಿತ್ತು. ಹಾಗೆ ಮಾಡದೆ, ಸಿವುಡುಗಳಿಂದ ಕೆಲವು ತೆನೆಗಳನ್ನು ಬೇಕೆಂತಲೇ ಕೆಡವಿರೆಂದೂ ಅವಳನ್ನು ಗದರಿಸಬೇಡಿರೆಂದೂ ಆಳುಗಳಿಗೆ ಹೇಳಿದನು. ಕೊಟ್ಟವನ ಕೈ ತೋರದಂತೆ ಕೊಡುವದು, ಪಡೆದವಳ ತಲೆ ತಗ್ಗದಂತೆ ಕೊಡುವದು ಇದೇ.

ಭಾರತೀಯ ಶಾಸ್ತ್ರವೂ ಈ ಸೂಕ್ಷ್ಮವನ್ನು ಕಂಡಿತ್ತು. ಬಿದ್ದ ಕಾಳನ್ನು ಆಯುವದಕ್ಕೆ ಉಂಛವೆಂದೂ ತೆನೆಯನ್ನು ಆಯುವದಕ್ಕೆ ಶಿಲವೆಂದೂ ಹೆಸರು. ಮನುಸ್ಮೃತಿಯು ಇವುಗಳಿಂದ ಬದುಕುವದನ್ನು ‘ಋತ’ವೆಂದು ಕರೆದು, ಬೇಡಿ ಬದುಕುವದನ್ನು ‘ಮೃತ’ವೆಂದು ಕರೆದಿರುವದು. ಯುಧಿಷ್ಠಿರನ ಅಶ್ವಮೇಧದ ಕೊನೆಗೆ ಬಂದ ಮುಂಗುಸಿಯ ಕಥೆಯನ್ನು ಕೇಳದವರಿಲ್ಲ. ಉಂಛವೃತ್ತಿಯ ಬ್ರಾಹ್ಮಣನ ಬಡಕುಟುಂಬವು ಅತಿಥಿಗೆ ಕೊಟ್ಟ ಹಿಟ್ಟಿನ ಕಣಗಳಲ್ಲಿ ಹೊರಳಿ ಅದರ ಅರ್ಧಮೈ ಹೊನ್ನಾಗಿತ್ತು. ಚಕ್ರವರ್ತಿಯ ಯಜ್ಞಶಾಲೆಯಲ್ಲಿ ಹೊರಳಿದರೂ ಉಳಿದರ್ಧವು ಹೊನ್ನಾಗಲಿಲ್ಲ. ಆ ಹಿಟ್ಟೂ ಆಯ್ದ ಜವೆಯದೇ ಆಗಿತ್ತು; ರೂತಳ ಉಡಿಯಲ್ಲಿ ಇದ್ದುದೂ ಅದೇ ಧಾನ್ಯ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಅವನು ಎಂದಿಗಿಂತ ಹೆಚ್ಚಿಗೆ ತಂದಾಗ, ಹೆಂಡತಿ ಲಕ್ಕಮ್ಮನು ಅದನ್ನು ಆಸೆಯೆಂದು ಬಗೆದು, ಹೆಚ್ಚಿನದನ್ನು ತಿರುಗಿ ಅಲ್ಲಿಯೇ ಸುರಿದು ಬರಲು ಹೇಳಿದಳೆಂದು ಪ್ರಸಿದ್ಧಿಯಿದೆ. ಬೈಬಲ್ಲಿನ ವಿಧಿಯು ಒಡೆಯನಿಗೆ ಮಿತಿಯನ್ನು ಹಾಕಿದರೆ, ಲಕ್ಕಮ್ಮನು ಆಯುವವನಿಗೂ ಮಿತಿಯನ್ನು ಹಾಕಿದಳು. ಇವೆರಡು ಮಿತಿಗಳ ನಡುವೆ ಸುಗ್ಗಿಯ ಧರ್ಮವೆಲ್ಲವೂ ನಿಂತಿರುವದು.

ಇಲ್ಲಿಯ ಹಳ್ಳಿಗಳಲ್ಲಿ ಈ ಧರ್ಮವು ಗ್ರಂಥದ ಆಧಾರವಿಲ್ಲದೆಯೇ ಬಾಳಿತು. ಶೀಗಿ ಹುಣ್ಣಿಮೆಗೆ ಒಕ್ಕಲಿಗನು ಬುತ್ತಿಯನ್ನು ಹೊಲಕ್ಕೆ ಒಯ್ದು, ಪೈರಿನಲ್ಲಿ ಚರಗವನ್ನು ಚೆಲ್ಲಿ, ಅನಂತರ ಬಂದವರೊಡನೆ ಕೂತು ಉಣ್ಣುವನು. ಕಣದಲ್ಲಿ ಹಂತಿ ತಿರುಗಿ ರಾಶಿಯಾದ ಮೇಲೆ ಬಡಿಗ, ಕಮ್ಮಾರ, ನಾವಿಂದ, ಅಗಸ ಮೊದಲಾದವರಿಗೆ ಆಯವು ಸಲ್ಲುತ್ತಿದ್ದಿತು. ಆದರೆ ಹಿಂದಿನದೆಲ್ಲವೂ ಚೆನ್ನಾಗಿತ್ತೆಂದು ಹೇಳುವದು ಸತ್ಯವಾಗಲಾರದು. ಆಯದ ಹಿಂದೆ ಜಾತಿಯ ಕಟ್ಟೂ ಇದ್ದಿತು. ರಾಶಿಯನ್ನು ಮುಟ್ಟದೆ ಕಣದ ಹೊರಗೆ ನಿಂತು ಪಾಲಿಗಾಗಿ ಕಾಯಬೇಕಾದವರೂ ಇದ್ದರು. ಅಂಥವರಿಗೆ ರೊಕ್ಕದ ಕೂಲಿಯು ಬಿಡುಗಡೆಯಾಗಿಯೇ ಬಂದಿತು. ಪರದೇಶದ ವಿಧವೆಯು ಹೊಲದೊಳಗೆ ತಾನೇ ಕಾಲಿಟ್ಟು ಆಯ್ದುದಕ್ಕೂ, ಹೊರಗೆ ನಿಂತವನ ಸೆರಗಿಗೆ ದೂರದಿಂದ ಕಾಳು ಸುರಿದುದಕ್ಕೂ ಇರುವ ಅಂತರವನ್ನು ಮರೆಯಲಾಗದು.

ಈಗಿನ ಸುಗ್ಗಿಯ ರೂಪವೇ ಬೇರೆ. ಬ್ಯಾಡಗಿಯ ಮೆಣಸಿನಕಾಯಿಯು ಬಣ್ಣದಿಂದ ಹೆಸರಾದುದು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಹೊಲದಿಂದ ಚೀಲಕ್ಕೆ, ಚೀಲದಿಂದ ಮಾರುಕಟ್ಟೆಗೆ ಹೋಗುವ ಈ ಬೆಳೆಯಲ್ಲಿ ರಾಶಿಯ ಸ್ಥಾನವನ್ನು ದರವು ಹಿಡಿದಿರುವದು. ಧಾನ್ಯವು ಕಣದಲ್ಲಿ ಎಷ್ಟಿದೆಯೋ ಅಷ್ಟು ಹೊಟ್ಟೆಗಳನ್ನು ತುಂಬುವದು. ಮೆಣಸಿನಕಾಯಿಯ ರಾಶಿಯು ಎಷ್ಟೇ ದೊಡ್ಡದಾದರೂ ಧಾರಣೆ ಬಿದ್ದರೆ ಸಾಲವನ್ನೂ ತೀರಿಸದು. ದರ ಕುಸಿದಿತೆಂಬ ಸಿಟ್ಟು 2024ರ ಮಾರ್ಚ್ 11ರಂದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಬೆಂಕಿಯಾಗಿ, ಕಚೇರಿ ವಾಹನಗಳು ಉರಿದವು. ಹೀಗಿರಲು ಒಕ್ಕಲಿಗನೇ ಕೇಳಬಹುದು: ತನಗೇ ದಕ್ಕದ ಸುಗ್ಗಿಯಲ್ಲಿ ಪರರಿಗೆ ಅಂಚನ್ನು ಬಿಡುವದೆಂತು?

ಈ ಆಕ್ಷೇಪವು ನ್ಯಾಯವಾದುದು. ಆದುದರಿಂದಲೇ ಹಕ್ಕಲಿನ ವಿಧಿಯನ್ನು ಮತ್ತೊಮ್ಮೆ ನೋಡಬೇಕು. ಅದು ಒಡೆಯನಿಂದ ಇಂತಿಷ್ಟು ಚೀಲವೆಂದು ಕೇಳುವದಿಲ್ಲ. ಬೆಳೆ ಬಂದಾಗ ಅಂಚೂ ತುಂಬಿರುವದು, ಬರ ಬಿದ್ದಾಗ ಅಂಚೂ ಬಡವಾಗಿರುವದು. ಲಾಭದಂತೆ ನಷ್ಟವೂ ಹಂಚಿಹೋಗುವದು. ಆದರೆ ಆ ಅಂಚನ್ನು ಬಿಡಬೇಕಾದವನು ಬೆಳೆದವನೊಬ್ಬನೇ ಎಂದು ತಿಳಿಯುವದು ತಪ್ಪು. ಬೆಳೆಯು ಎಷ್ಟು ಕೈಗಳನ್ನು ದಾಟುವದೋ ಅಷ್ಟು ಕೊಯ್ಲುಗಳಾದವು. ಕೊಂಡವನದೂ ಕೊಯ್ಲೇ, ಮಾರಿದವನದೂ ಕೊಯ್ಲೇ. ತೊಟ್ಟು ಬಿಡಿಸುವ ಹೆಂಗಸಿನ ಕೂಲಿ, ಬೆಳೆದವನ ದರ ಇವೆರಡೂ ಇಂದಿನ ಹೊಲದ ಅಂಚುಗಳು. ಅವುಗಳನ್ನೂ ಉಳಿಸದೆ ಬುಡಮಟ್ಟ ಕೊಯ್ದವನು ಲೂಕನ ಸುವಾರ್ತೆಯ ಆ ಐಶ್ವರ್ಯವಂತನಂತೆ. ಬೆಳೆ ಹುಲುಸಾಯಿತೆಂದು ಕಣಜಗಳನ್ನು ಕಿತ್ತು ದೊಡ್ಡವಾಗಿ ಕಟ್ಟಲು ಅವನು ಹವಣಿಸಿದ. ಅದೇ ರಾತ್ರಿ ಅವನ ಪ್ರಾಣಕ್ಕೆ ಕರೆ ಬಂದಿತು.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಬಡವನ ಕಾಳನ್ನು ಹಕ್ಕೆಂದು ಒಪ್ಪಿಕೊಂಡಿತು. ಇದು ರಾಜ್ಯವೇ ಬಿಟ್ಟ ಅಂಚೆನ್ನಬಹುದು. ಮೆಚ್ಚತಕ್ಕ ಮಾತೇ ಸರಿ. ಆದರೆ ಕಾಯಿದೆಯು ಕಾಳನ್ನು ಮುಟ್ಟಿಸಬಲ್ಲದು. ‘ನೀನೂ ದಾಸನಾಗಿದ್ದೆ’ ಎಂಬ ನೆನಪನ್ನು ಮುಟ್ಟಿಸಲಾರದು. ಬ್ಯಾಡಗಿ ತಾಲೂಕಿನ ಕಾಗಿನೆಲೆಯೊಡನೆ ಹೆಸರು ಬೆಸೆದ ಕನಕದಾಸರು ‘ರಾಮಧಾನ್ಯಚರಿತ್ರೆ’ಯಲ್ಲಿ ಭತ್ತಕ್ಕೂ ನರೆದಲಗಕ್ಕೂ ವಾದ ಹೂಡಿಸಿ, ಬಹುಕಾಲ ಕೆಡದೆ ಉಳಿದು ಬಡವರ ಕೈ ಹಿಡಿಯುವ ರಾಗಿಗೇ ಗೆಲುವನ್ನಿತ್ತರು. ಧಾನ್ಯದ ಕುಲವು ಹೀಗೆ ನಿರ್ಣಯವಾಗುವದಾದರೆ ಮನುಷ್ಯನ ಸುಗ್ಗಿಯೂ ಹಾಗೆಯೇ ನಿರ್ಣಯವಾಗತಕ್ಕದ್ದು. ಮನೆಗೆ ಎಷ್ಟು ಬಂದಿತೆಂಬದನ್ನು ಅಳತೆಯ ಕೊಳಗವು ಹೇಳುವದು. ಸುಗ್ಗಿಯಾಯಿತೋ ಇಲ್ಲವೋ ಎಂಬದನ್ನು ಮಾತ್ರ, ಕೊಯ್ದವರು ಹೋದ ಮೇಲೆ ಹೊಲಕ್ಕೆ ಬಂದವಳ ಉಡಿಯೇ ಹೇಳಬೇಕು.