ಅರವತ್ತೊಂದನೆಯ ಎಲೆ

2024ರ ಬಲಿಪಾಡ್ಯಮಿಯ ಮಾರನೆಯ ಸಂಜೆ. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ, ಶಿರಾಳಕೊಪ್ಪದ ಆಸುಪಾಸಿನ ಒಂದು ಹಳ್ಳಿಯ ಜಗಲಿ. ಅಂಗಳದಲ್ಲಿ ಮೆಕ್ಕೆಜೋಳ ಹರವಿದೆ. ಕೊಟ್ಟಿಗೆಯಲ್ಲಿ ನಾಡಿದ್ದಿನ ಹೋರಿ ಹಬ್ಬಕ್ಕೆ ಮೈ ತೊಳೆಸಿಕೊಂಡು ನಿಂತ ಹೋರಿ. ಹುಡುಗ ನನ್ನ ಮಗ. ಹತ್ತನೇ ಕ್ಲಾಸು, ಬೆಂಗಳೂರಿನ ನೀರು ಕುಡಿದವನು. ಮಾವ ಅಂದರೆ ನನ್ನ ಹೆಂಡತಿಯ ಅಣ್ಣ, ಹೋರಿಯ ಯಜಮಾನ. ಮೇಷ್ಟ್ರು ಪಕ್ಕದ ಮನೆಯವರು, ಇತಿಹಾಸ ಪಾಠ ಹೇಳಿ ನಿವೃತ್ತರಾದವರು, ಪಾಠ ಹೇಳುವುದನ್ನು ಮಾತ್ರ ಬಿಡದವರು. ನಾನು ಕಂಬಕ್ಕೊರಗಿ ಕೇಳುತ್ತ ಕೂತಿದ್ದೆ.

ಮಾವ: ಏನೋ ಅಳಿಯಾ ಇದು, ಇಸ್ಪೀಟಾ? ಹಬ್ಬದಾಗ ಆಡಿದ್ರೆ ಲಕ್ಷ್ಮಿ ಬರ್ತಾಳೆ ಅಂತ ನಮ್ಮೂರಾಗೂ ಒಂದಷ್ಟು ಜನ ಕೂರ್ತಾರೆ. ಎದ್ದು ಹೋಗಿದ್ದು ನೋಡೀನಿ, ಬಂದಿದ್ದು ನೋಡಿಲ್ಲ.

ಹುಡುಗ: ಇಸ್ಪೀಟಲ್ಲ ಮಾವ, ಪೋಕೆಮಾನ್. ಇಸ್ಪೀಟಲ್ಲಿ ಎಲ್ಲರೂ ಒಂದೇ ಕಟ್ಟಿನಿಂದ ಎಲೆ ಹಂಚಿಕೊಳ್ತಾರೆ. ಇದರಲ್ಲಿ ಅವರವರ ಕಟ್ಟು ಅವರವರೇ ಕಟ್ಟಿಕೊಂಡು ಬರಬೇಕು. ಸರಿಯಾಗಿ 60 ಎಲೆ. ಮಾಮೂಲಿ ಎನರ್ಜಿ ಎಲೆ ಬಿಟ್ಟರೆ, ಒಂದೇ ಹೆಸರಿನದು 4ಕ್ಕಿಂತ ಹೆಚ್ಚು ಇರೋ ಹಾಗಿಲ್ಲ.

ಮೇಷ್ಟ್ರು: ಅಂದರೆ ಎದುರಿಗೆ ಕೂರುವ ಮೊದಲೇ ಅರ್ಧ ಆಟ ಮುಗಿದಿರುತ್ತದೆ.

ಹುಡುಗ: ಹೌದು ಸರ್. ನಂದು ಹಕ್ಕಿ ಕಟ್ಟು. ಬರೀ ಹಕ್ಕಿಗಳೇ, 19 ಜಾತಿ. ಚಿಕ್ಕವನಿದ್ದಾಗ ಮಾವ ಗುಡವಿ ಪಕ್ಷಿಧಾಮಕ್ಕೆ ಕರ್ಕೊಂಡು ಹೋಗಿದ್ರಲ್ಲ, ಆವಾಗಿನಿಂದ ಹಕ್ಕಿ ಎಲೆ ಸಿಕ್ಕಿದ್ದೆಲ್ಲ ಎತ್ತಿಡ್ತಾ ಬಂದೆ.

ಮಾವ: ಸೊರಬದ ಬಸ್ ಸ್ಟ್ಯಾಂಡ್ ಹತ್ರ ನಾನು ಕೊಡಿಸಿದ್ನಲ್ಲ, ಚಿನ್ನದ ಬಣ್ಣದ್ದು, ಅವೆಲ್ಲಿ?

ಹುಡುಗ: ಅವು ನಕಲಿ ಮಾವ. ಸ್ಪರ್ಧೆಗೆ ಬಿಡಲ್ಲ.

ಮಾವ: ಇರಲಿ, ಹೊಳಪು ಮಾತ್ರ ಅಸಲಿ ಇತ್ತು. ಅಲ್ಲ, ಈ ಹಕ್ಕಿ ಕಟ್ಟಲ್ಲಿ ಎಷ್ಟು ಆಟ ಗೆದ್ದೀ?

ಹುಡುಗ: ಹನ್ನೊಂದರಲ್ಲಿ ಎರಡು. ಆ ಎರಡರಲ್ಲೂ ಒಂದು ಸಲ ಎದುರಾಳಿ ಅರ್ಧಕ್ಕೇ ಊಟಕ್ಕೆ ಎದ್ದುಹೋದ.

(ಇದು ನನಗೂ ಹೊಸ ಸುದ್ದಿ. ಎಲೆ ತರಿಸಲು ನನ್ನ ಜೇಬಿನಿಂದ ಹೋದದ್ದು ಎಷ್ಟೆಂದು ಇಲ್ಲಿ ಬರೆಯುವುದಿಲ್ಲ, ಹೆಂಡತಿ ಓದುತ್ತಾಳೆ.)

ಮೇಷ್ಟ್ರು: ಸೋಲುವುದಕ್ಕೆ ಕಾರಣ ಹುಡುಕಿದ್ದೀಯಾ, ಇಲ್ಲ ಹಣೆಬರಹ ಅಂತ ಬಿಟ್ಟಿದ್ದೀಯಾ?

ಹುಡುಗ: ಲೆಕ್ಕ ಹಾಕಿದೀನಿ. ಆಟ ಶುರುವಾಗುವಾಗ ಕೈಗೆ 7 ಎಲೆ. ಒಂದು ಎಲೆ ಕಟ್ಟಲ್ಲಿ ಒಂದೇ ಇದ್ದರೆ, ಅದು ಮೊದಲ ಕೈಗೆ ಬರೋದು ನೂರಕ್ಕೆ 12 ಸಲವೂ ಇಲ್ಲ. ನಾಲ್ಕು ಇಟ್ಟರೆ ಹತ್ತಿರಹತ್ತಿರ 40. ಇನ್ನೊಂದಿದೆ. ಇಬ್ಬರೂ 6 ಎಲೆ ಬೋರಲು ಹಾಕಿ ಬಹುಮಾನ ಅಂತ ಪಕ್ಕಕ್ಕಿಡಬೇಕು. ಎದುರಿನವನ ಪೋಕೆಮಾನ್ ಹೊಡೆದು ಉರುಳಿಸಿದಾಗೆಲ್ಲ ನಮ್ಮದರಲ್ಲಿ ಒಂದೊಂದು ಎತ್ತಿಕೊಳ್ಳೋದು. ಆರೂ ಎತ್ತಿದವನು ಗೆದ್ದ. 60ರಲ್ಲಿ 6, ಅಂದರೆ ಹತ್ತು ಆಟಕ್ಕೆ ಒಂದರಲ್ಲಿ ನನ್ನ ಒಂಟಿ ಹಕ್ಕಿ ಅಲ್ಲೇ ಬೋರಲು ಮಲಗಿರುತ್ತೆ.

ಮೇಷ್ಟ್ರು: ಹಾಗಾದರೆ ಬಲ ಅನ್ನುವುದು ಈ ಆಟದಲ್ಲಿ ಪುನರುಕ್ತಿ. ಹೇಳಿದ್ದನ್ನೇ ನಾಲ್ಕು ಸಲ ಹೇಳುವವನು ಗೆಲ್ಲುತ್ತಾನೆ. ನಿನ್ನ ಹತ್ತೊಂಬತ್ತು ಹಕ್ಕಿ ಕತೆಯ ಹಾಗೆ, ಒಬ್ಬೊಬ್ಬರೂ ಒಂದೊಂದು ಸಲ ಬಂದು ಹೋಗುತ್ತಾರೆ.

ಹುಡುಗ: ಅದೇ ಸರ್. ಅದಕ್ಕೇ ಬಿಚ್ಚಿ ಕಟ್ಟಿದೆ. ಮೊದಲು 28 ಹಕ್ಕಿ, 20 ಎನರ್ಜಿ, 12 ಟ್ರೈನರ್ ಎಲೆ ಇದ್ವು. ಟ್ರೈನರ್ ಅಂದರೆ ಇನ್ನಷ್ಟು ಎಲೆ ಎಳೆಯೋದು, ಬೇಕಾದ್ದು ಹುಡುಕೋದು, ಬಿದ್ದದ್ದು ಎತ್ತೋದು, ಇಂಥ ಕೆಲಸಕ್ಕೆ. ಈಗ ಅವೇ 36. ಹಕ್ಕಿ 17ಕ್ಕೆ ಇಳೀತು, ಎನರ್ಜಿ 8ಕ್ಕೆ.

ಮಾವ: ಹಕ್ಕಿ ಕಟ್ಟಿನಾಗ ಹಕ್ಕಿಗಿಂತ ಹಕ್ಕಿ ಹಿಡಿಯೋರೇ ಜಾಸ್ತಿ ಆದ್ರಲ್ಲೋ!

ಹುಡುಗ: ಗೆಲ್ಲೋ ಕಟ್ಟುಗಳೆಲ್ಲ ಹಂಗೇ ಇರ್ತವೆ ಮಾವ.

ಮಾವ: ಇರ್ಲಪ್ಪ. ನನ್ನ ಹೋರಿ ಕತೆ ಕೇಳು. ಹುರುಳಿ, ಹಿಂಡಿ, ಮೊಟ್ಟೆ ತಿನ್ನಿಸ್ತೀನಿ. ಕೆರೀಗೆ ಇಳಿಸಿ ಈಜಿಸ್ತೀನಿ. ಯಾಕೆ? ಅಖಾಡದಾಗ ಜನ ಸಂದಿಲ್ಲದಂಗ ನಿಂತಿರ್ತಾರೆ, ಅವರ ಕೈಗೆ ಕೊಬ್ಬರಿ ಹಾರ ಕೊಡದೆ ಪಾರಾಗಬೇಕು. ಈಗ ಒಬ್ಬ ಬಂದು, ಯಜಮಾನ್ರೇ, ಕೊಬ್ಬರಿ ಭಾರ, ಬಲೂನು ಗಾಳಿ ಹಿಡೀತೈತಿ, ಗೆಜ್ಜೆ ಸದ್ದಿಗೆ ಜನ ಎಚ್ಚರಾಗ್ತಾರೆ, ಎಲ್ಲ ಬಿಚ್ಚಿಬಿಡ್ರಿ, ಹೋರಿ ಬಾಣ ಹೋದಂಗ ಹೋಗ್ತೈತಿ ಅಂದ ಅನ್ಕೋ. ಅವನ ಲೆಕ್ಕದಾಗ ತಪ್ಪಿಲ್ಲ. ಆದ್ರ ಕೊಬ್ಬರಿ ಇಲ್ಲದ ಹೋರಿ ಓಡಿದ್ರೆ ಅದು ಹಗ್ಗ ಹರ್ಕೊಂಡ ದನ. ಹಬ್ಬ ಅಲ್ಲ.

(ಹೋರಿ ಹಬ್ಬದಲ್ಲಿ ಪ್ರಾಣ ಹೋದವರ ಮನೆಗಳೂ ಈ ಸೀಮೆಯಲ್ಲಿವೆ. ಮಾವ ಅದನ್ನು ಹೇಳಲಿಲ್ಲ. ನನಗೆ ನೆನಪಾಯಿತು, ಅಷ್ಟೇ.)

ಮೇಷ್ಟ್ರು: ಮಾತು ಚೆನ್ನಾಗಿದೆ, ಆದರೆ ಹೋಲಿಕೆ ಕೂರಲಿಲ್ಲ. ಕೊಬ್ಬರಿ ಅಲಂಕಾರ ಅಲ್ಲ ಯಜಮಾನರೇ, ಅದು ಪಣ. ಕಿತ್ತುಕೊಳ್ಳುವುದಕ್ಕೇ ಕಟ್ಟಿದ್ದು. ಬಲೂನು ಅಲಂಕಾರ. ಬಲೂನು ಬಿಚ್ಚಿದರೂ ಹಬ್ಬ ನಡೆಯುತ್ತದೆ. ಇವನ ಕಟ್ಟಿನಲ್ಲಿ ಹಕ್ಕಿ ಅನ್ನುವುದು ಕೊಬ್ಬರಿಯೋ ಬಲೂನೋ? ಅದು ಗೊತ್ತಾಗಬೇಕು.

ಹುಡುಗ: ಬಲೂನು ಅಂತಲೇ ಅನ್ಸುತ್ತೆ ಸರ್. ಹಕ್ಕಿ ಇದ್ದದ್ದಕ್ಕೆ ಆಟದಲ್ಲಿ ಏನೂ ವ್ಯತ್ಯಾಸ ಇಲ್ಲ. ಬರೀ ಚಿತ್ರ.

ಮೇಷ್ಟ್ರು: ಚಿತ್ರವೇ ನಿಯಮವಾದ ಆಟ ಒಂದಿದೆ. ಗಂಜೀಫಾ. ದಶಾವತಾರದ ಕಟ್ಟಿನಲ್ಲಿ ಹತ್ತು ಅವತಾರ, ಒಂದೊಂದಕ್ಕೆ 12 ಎಲೆ, ಒಟ್ಟು 120. ಹಗಲು ಆಡಿದರೆ ರಾಮನಿರುವವನು ಆಟ ಆರಂಭಿಸಬೇಕು, ರಾತ್ರಿಯಾದರೆ ಕೃಷ್ಣನಿರುವವನು. ಒಬ್ಬ ಸೂರ್ಯವಂಶದವನು, ಇನ್ನೊಬ್ಬ ನಡುರಾತ್ರಿ ಹುಟ್ಟಿದವನು. ಅಂಕಿ ಎಲೆಗಳಲ್ಲಿ ಐದು ಅವತಾರಗಳಿಗೆ ಹತ್ತು ದೊಡ್ಡದು, ಉಳಿದ ಐದಕ್ಕೆ ಒಂದು ದೊಡ್ಡದು. ಅಲ್ಲಿ ರಾಮನನ್ನು ತೆಗೆದು ಇನ್ನಾರನ್ನೋ ಇಡು ನೋಡೋಣ, ಹಗಲಿಗೆ ಅರ್ಥವೇ ಇರುವುದಿಲ್ಲ.

ಹುಡುಗ: ಆ ಆಟ ಮೈಸೂರಿಂದ ಬಂದಿದ್ದಾ?

ಮೇಷ್ಟ್ರು: ಪರ್ಷಿಯಾ ಕಡೆಯಿಂದ ಬಂತು, ಮೈಸೂರಲ್ಲಿ ಬೆಳೆಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಹೊಸ ಕಟ್ಟುಗಳನ್ನು ಯೋಚಿಸಿದರು; ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ವಿವರವಿದೆ. ಚಾಮುಂಡೇಶ್ವರಿಯ ಕಟ್ಟಿಗೆ 320 ಎಲೆ. ನೋಡಲು ಕಣ್ಣು ಸಾಲದು, ಹಿಡಿಯಲು ಕೈ ಸಾಲದು.

ಮಾವ: ಅರಸರಿಗೇನು, ಹಿಡ್ಕೊಳ್ಳಾಕ ಆಳು ಇರ್ತಾರೆ.

ಹುಡುಗ: ಚಿತ್ರಕ್ಕೂ ನಿಯಮಕ್ಕೂ ನಂಟಿರೋದು ಇದರಲ್ಲೂ ಒಂದು ಐತೆ ಸರ್. (ಎರಡು ದಿನದಲ್ಲೇ ಮಾವನ ಭಾಷೆ ಅಂಟಿದೆ.) ಹೋದ ವರ್ಷ, 2023ರಲ್ಲಿ ಪಿಡ್ಜಿಯಟ್ ಈಎಕ್ಸ್ ಅಂತ ಒಂದು ಹಕ್ಕಿ ಬಂತು. ಅದು ಮೇಜಿನ ಮೇಲಿದ್ದರೆ ನನ್ನ ಸರದಿಗೊಂದು ಸಲ ಕಟ್ಟಿನೊಳಗಿಂದ ಬೇಕಾದ ಎಲೆ ಯಾವುದೇ ಇರಲಿ, ಹುಡುಕಿ ಕೈಗೆ ತಂದುಕೊಡುತ್ತೆ. ಮೇಲಿಂದ ನೋಡೋ ಹಕ್ಕಿ ಅಲ್ವಾ. ದೊಡ್ಡ ದೊಡ್ಡ ಸ್ಪರ್ಧೆಯವರೂ ಅದನ್ನ ಇಟ್ಟುಕೊಳ್ತಾರೆ.

ಮೇಷ್ಟ್ರು: ಹಾಗಾದರೆ ನಿನ್ನ ನಾಲ್ಕರ ಲೆಕ್ಕ ಬಿತ್ತಲ್ಲ! ಹುಡುಕುವವನೊಬ್ಬನಿದ್ದರೆ ಒಂಟಿ ಎಲೆಗೂ ಬದುಕಿದೆ.

ಹುಡುಗ: ಅರ್ಧ ಬಿತ್ತು. ಆ ಹುಡುಕೋನು ಬೇಗ ಬರಬೇಕಲ್ಲ, ಅದಕ್ಕೆ ಮತ್ತೆ ಲೆಕ್ಕ ಬೇಕು. ಮೊದಲು ಪಿಡ್ಜಿ ಅನ್ನೋ ಮರಿ ಇಳಿಸಬೇಕು. ಅದು ಪಿಡ್ಜಿಯೊಟ್ಟೊ ಆಗಬೇಕು, ಆಮೇಲೆ ಪಿಡ್ಜಿಯಟ್. ಇಲ್ಲ, ರೇರ್ ಕ್ಯಾಂಡಿ ಎಲೆ ಹಾಕಿ ಮರಿಯಿಂದ ನೇರ ಮೇಲಕ್ಕೆ ಹಾರಿಸಬಹುದು. ಅದೂ ಮರಿ ಇಳಿಸಿದ ಸರದಿಯಲ್ಲೇ ಆಗಲ್ಲ. ಆ ಮರಿ ಉಫ್ ಅಂದರೆ ಸಾಯುತ್ತೆ, ಅದರಿಂದ ಬೇರೆ ಏನೂ ಉಪಯೋಗ ಇಲ್ಲ. ಅದಿಲ್ಲದೆ ಮಾತ್ರ ಏನೂ ಆಗಲ್ಲ. ಇನ್ನೊಂದು, ಈಎಕ್ಸ್ ಬಿದ್ದರೆ ಎದುರಿನವನಿಗೆ ಒಂದಲ್ಲ, ಎರಡು ಬಹುಮಾನ. ಅಂಥವು ಮೂರು ಬಿದ್ದರೆ ಆಟ ಮುಗೀತು.

ಮಾವ: ಹಾಂ, ಈಗ ಬಂತು ನೋಡು ಕೊಬ್ಬರಿ! ಹೆಸರು ಮಾಡಿದ ಹೋರಿ ಕೊರಳಾಗ ಎಲ್ಲರ ಕಣ್ಣು. ಅದು ಬಂತಂದ್ರೆ ಅಖಾಡದ ಅರ್ಧ ಜನ ಅದರ ಮೇಲೇ.

ಮೇಷ್ಟ್ರು: ಒಪ್ಪಿದೆ. ಈಗ ನನ್ನ ತಕರಾರು ಬೇರೆ. 60ರಲ್ಲಿ ಎಷ್ಟು ಎಲೆ ಹಳೆಯವು ಉಳಿದಿವೆ?

ಹುಡುಗ: ಹದಿನೇಳು.

ಮೇಷ್ಟ್ರು: ಇನ್ನೂ ಅದನ್ನು ಹಕ್ಕಿ ಕಟ್ಟು ಅಂತಲೇ ಕರೆಯುತ್ತೀಯಲ್ಲ, ಯಾವ ಆಧಾರದ ಮೇಲೆ?

ಮಾವ: ಮೇಷ್ಟ್ರೇ, ಹುಡುಗನ್ನ ಕೋರ್ಟಿಗೆ ಎಳೀಬ್ಯಾಡ್ರಿ.

ಮೇಷ್ಟ್ರು: ಕೋರ್ಟಿಗಲ್ಲ, ತಾಳಗುಂದಕ್ಕೆ ಎಳೀತಿದೀನಿ, ಪಕ್ಕದಲ್ಲೇ ಇದೆ. ಪ್ರಣವೇಶ್ವರ ಗುಡಿ ಮುಂದಿನ ಕಂಬದ ಶಾಸನ, ಐದನೇ ಶತಮಾನದ್ದು, ಕುಬ್ಜ ಎಂಬ ಕವಿ ಬರೆದದ್ದು. ಮಯೂರಶರ್ಮ ವೇದ ಓದಲು ಕಂಚಿಗೆ ಹೋದ. ಅಲ್ಲಿ ಪಲ್ಲವರ ಕುದುರೆಯವನೊಬ್ಬನೊಡನೆ ಜಗಳವಾಯಿತು. ದರ್ಭೆ ಹಿಡಿಯುತ್ತಿದ್ದ ಕೈ ಕತ್ತಿ ಹಿಡಿಯಿತು, ಒಂದು ರಾಜ್ಯವೇ ಹುಟ್ಟಿತು. ವಂಶದ ಮುಂದಿನವರು ವರ್ಮರಾದರು. ಗೆಲ್ಲುವುದಕ್ಕೆ ಏನೇನು ಬೇಕೋ ಎಲ್ಲ ಬದಲಾಯಿಸಿಕೊಂಡರು. ಆದರೆ ಹೆಸರು ಕದಂಬರು ಅಂತಲೇ ಉಳಿಯಿತು. ಯಾಕೆಂದರೆ ಆ ಮನೆಯವರು ಹಿಂದೆ ಮನೆಯ ಹತ್ತಿರ ಒಂದು ಕದಂಬದ ಮರ ಸಾಕಿಕೊಂಡಿದ್ದರಂತೆ. ಶಾಸನವೇ ಹೇಳುತ್ತದೆ. ಮರ ಯುದ್ಧ ಮಾಡಲಿಲ್ಲ.

ಹುಡುಗ: ಅಂದರೆ ಪಿಡ್ಜಿ ನನ್ನ ಕದಂಬದ ಮರ?

ಮೇಷ್ಟ್ರು: ನಾನು ಹಾಗೆ ಹೇಳಲಿಲ್ಲ. ಪಿಡ್ಜಿ ನಿನಗೆ ಬೇಕೇಬೇಕು, ಅದಿಲ್ಲದೆ ದೊಡ್ಡ ಹಕ್ಕಿ ಇಲ್ಲ. ಅದು ಉಪಯೋಗದ ಮರ. ಹಣ್ಣು ಕೊಡುವ ಮರವನ್ನು ಯಾರಾದರೂ ಸಾಕುತ್ತಾರೆ.

(ಇಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹುಡುಗ ಎಲೆಗಳನ್ನು ಎಣಿಸಿದ. ಮತ್ತೆ ಎಣಿಸಿದ.)

ಮಾವ: ಏನಾತು?

ಹುಡುಗ: 61 ಅದಾವೆ. ಬರುವಾಗಿಂದ ಹಂಗೇ. ಒಂದು ತೆಗೀಬೇಕು.

ಮಾವ: ತೆಗಿ.

ಹುಡುಗ: ಯಾವುದು ಅಂತ ಗೊತ್ತೈತಿ. ಇದು. ಕ್ರಾಮೊರೆಂಟ್. ನೀರುಕಾಗೆ. ಇಂಗ್ಲಿಷಲ್ಲಿ ನೀರುಕಾಗೆಗೆ ಇರೋ ಹೆಸರನ್ನೇ ತಿರುಚಿ ಇಟ್ಟಿದಾರೆ. ಹಳೇ ಎಲೆ, ಈಗಿನ ಸ್ಪರ್ಧೆಗೆ ಬಿಡೋ ಎಲೆಯ ಅಕ್ಷರ ಇದರ ಮೂಲೆಯಲ್ಲಿ ಇದೆಯೋ ಅಂತ ನೋಡಿಕೊಂಡೆ, ಇದೆ. ಆದರೆ ಈ ಕಟ್ಟಿಗೆ ಇದರಿಂದ ಏನೂ ಆಗಲ್ಲ.

ಮೇಷ್ಟ್ರು: ಒಂಟಿ ಎಲೆ ತಾನೇ? ಪಿಡ್ಜಿಯಟ್ ಹುಡುಕಿ ತರುತ್ತದಲ್ಲ.

ಹುಡುಗ: ತರುತ್ತೆ ಸರ್. ಆದರೆ ಸರದಿಗೆ ಒಂದೇ ಸಲ ಹುಡುಕಬಹುದು. ಗೆಲ್ಲೋಕೆ ಬೇಕಾದ ಎಲೆ ಬಿಟ್ಟು ಇದನ್ನ ಯಾಕೆ ಹುಡುಕಲಿ?

ಮೇಷ್ಟ್ರು ಬಾಯಿ ತೆರೆದು ಮುಚ್ಚಿದರು. ನಾನು ಬಲ್ಲಂತೆ ಇದು ಅಪರೂಪ.

ಮಾವ: ಕೊಡಿಲ್ಲಿ. (ಎಲೆಯನ್ನು ಬೆಳಕಿಗೆ ಹಿಡಿದು) ಗುಡವೀಲಿ ನೀನು ನನ್ನ ಹೆಗಲ ಮೇಲೆ ಇದ್ದೀ. ಒಣಗಿದ ಮರದ ತುದೀಗೆ ಕೂತು ರೆಕ್ಕೆ ಅಗಲಿಸಿ ಬಿಸಿಲು ಕಾಯಿಸ್ತಿತ್ತು. ಅದಕ್ಯಾಕೆ ಮಾವ ಅಂಗಿ ಒಣಗಿಸ್ತೈತಿ ಅಂತ ಕೇಳಿದ್ದೀ. ಇದರ ಬಾಯಾಗ ಮೀನು ಬರ್ದಾರೇನು?

ಹುಡುಗ: ಹೂಂ.

ಮಾವ: ಬರೀಬೇಕಾಗಿತ್ತು, ಬರ್ದಾರೆ. ಸ್ಪರ್ಧೆ ಯಾವಾಗ?

ಹುಡುಗ: ಮುಂದಿನ ತಿಂಗಳು. ಬೆಂಗಳೂರಲ್ಲಿ.

ಮಾವ: ಹಂಗಾದ್ರೆ ಇವತ್ತು ತೆಗಿಯೋ ದರ್ದೇನೈತಿ? ಮನೆ ಆಟ, 61ರಾಗೇ ಆಡು. ಮೇಷ್ಟ್ರೇ, ನೀವು ಆ ಹಳೇ ಕಟ್ಟು ಹಿಡೀರಿ. ಹುಡುಗ ತೆಗೆದಿಟ್ಟ ಹಕ್ಕಿ ಎಲ್ಲ ಅಲ್ಲೇ ಅದಾವಲ್ಲ.

ಮೇಷ್ಟ್ರು: ನನಗೆ ಆಟ ಬರುವುದಿಲ್ಲವಲ್ಲ.

ಹುಡುಗ: ನಾನು ಹೇಳಿಕೊಡ್ತೀನಿ ಸರ್. ಮೊದಲು ಕಲಸಿ. ಹಂಗಲ್ಲ, ಮೂಲೆ ಮಡಚುತ್ತೆ.

ಮೇಷ್ಟ್ರು: ಯಾರು ಮೊದಲು? (ಬೀದಿಯ ದೀಪ ಹತ್ತಿತ್ತು. ಆಕಾಶದಲ್ಲಿ ಇನ್ನೂ ಕೆಂಪು.) ಈಗ ಹಗಲೋ ರಾತ್ರಿಯೋ?

ಹುಡುಗ: ಇದರಲ್ಲಿ ನಾಣ್ಯ ಹಾರಿಸೋದು ಸರ್.

ಮಾವ ಅಂಗಿ ಜೇಬಿಗೆ ಕೈ ಹಾಕಿದ. ಎರಡು ರೂಪಾಯಿ, ಹೋರಿಗೆ ಕಟ್ಟಿ ಉಳಿದ ದಾರದ ತುಂಡು, ಮುರಿದ ಕೊಬ್ಬರಿ ಚೂರು ಒಟ್ಟಿಗೇ ಬಂದವು. ಚೂರನ್ನು ಬಾಯಿಗೆ ಹಾಕಿಕೊಂಡು ನಾಣ್ಯ ಹಾರಿಸಿದ. ಅದು ಜಗಲಿಯ ಅಂಚಿಗೆ ಬಡಿದು ಮೆಕ್ಕೆಜೋಳದೊಳಗೆ ಬಿತ್ತು. ಮೂವರೂ ಟಾರ್ಚ್ ಹಿಡಿದು ಹುಡುಕಲು ಇಳಿದರು.